ಬಳ್ಳಿಯ ಮೇಲೆ ಮೂರು ಹಣ್ಣು

ನಮ್ಮ ಮಾವ ಬರೆದ ನಿಯಮ ಇದು: ಬಳ್ಳಿಯ ಮೇಲೆ ಮೂರು ಹಾಗಲಕಾಯಿ ಹಣ್ಣಾಗಿ ಬಿರಿಯುವ ತನಕ ಗಾಜಿನ ಮನೆಯ ಬಾಗಿಲು ತೆರೆಯಕೂಡದು, ಒಳಗೆ ಯಾರೇ ಇರಲಿ. ಬರೆಯುವಾಗ ಆ ‘ಯಾರೇ’ ತಾವೇ ಆಗುತ್ತೇವೆಂದು, ಪಕ್ಕದಲ್ಲಿ ಊಟದ ಡಬ್ಬಿ ಹಿಡಿದ ಹೆಂಡತಿಯೂ ಇರುತ್ತಾಳೆಂದು ಅವರು ಎಣಿಸಿರಲಿಲ್ಲ. ಬಾಗಿಲ ಉಸ್ತುವಾರಿಯ ಕುರ್ಚಿಯಲ್ಲಿ ಸೊಸೆ ಕೂತಿರುತ್ತಾಳೆ ಎಂಬುದು ಮಾತ್ರ ಗೊತ್ತಿತ್ತು. ಆ ಕೆಲಸಕ್ಕೆ ನನ್ನನ್ನು ಸೇರಿಸಿದವರೇ ಅವರು.

ಅತ್ತೆಯ ಹೆಸರು ಸಿಂಚನ. ಅವರ ಕಾಲದಲ್ಲಿ ಶಾಲೆಯಲ್ಲಿ ತರಗತಿಗೆ ನಾಲ್ಕು ಸಿಂಚನ ಇದ್ದರಂತೆ. ಈಗ ಆ ಹೆಸರು ಕೇಳಿದರೆ ಮುದುಕಿಯೆಂದೇ ಲೆಕ್ಕ. ಮಾವ ಡಾಕ್ಟರ್ ಲಿಖಿತ್, ಸಸ್ಯಗಳ ಬಣ್ಣದ ವಿಜ್ಞಾನಿ. ನಾನು ಹುಟ್ಟುವ ಹೊತ್ತಿಗೆ ಹಳೆಯ ಹೆಸರುಗಳ ಫ್ಯಾಷನ್ ತಿರುಗಿ ಬಂದಿದ್ದರಿಂದ ನಾನು ಹೊನ್ನಮ್ಮ. ಮದುವೆಯ ದಿನವೇ ಅತ್ತೆ, “ನಮ್ಮಜ್ಜಿ ಹೆಸರಿನ ಸೊಸೆ ಬಂದ್ಲು, ಇನ್ನು ಇವಳನ್ನ ಬೈಯೋದು ಹೆಂಗೆ?” ಎಂದು ಎಲ್ಲರೆದುರು ಕೇಳಿದ್ದರು. ಆಮೇಲೆ ದಾರಿ ಹುಡುಕಿಕೊಂಡರು, ಆ ಮಾತು ಬೇರೆ.

ಹಿರಿಯೂರಿನಾಚೆ ಬಯಲಿನಲ್ಲಿದ್ದ ನಮ್ಮ ಕೇಂದ್ರದ ಕೆಲಸವೇ ಹಸಿರುಬೂಷ್ಟನ್ನು ಕೊಲ್ಲುವ ದಾರಿ ಹುಡುಕುವುದು. ತರಕಾರಿ ಲಾರಿಯಲ್ಲಿ ವಾರಗಟ್ಟಲೆ ಹಸಿರಾಗಿಯೇ ಉಳಿಯಲಿ ಎಂದು ಯಾರೋ ಬುದ್ಧಿವಂತರು ಆ ಬೂಷ್ಟನ್ನು ಸೃಷ್ಟಿಸಿದ್ದರು. ಅದು ಬಿಡುವ ಅನಿಲ ಕಾಯಿಗಳನ್ನು ಹಣ್ಣಾಗಗೊಡುವುದಿಲ್ಲ. ವ್ಯಾಪಾರಿಗಳು ಹಿಗ್ಗಿದರು. ಆಮೇಲೆ ಅದರ ಕಣಗಳು ಮನುಷ್ಯರ ಶ್ವಾಸಕೋಶಕ್ಕೂ ಇಳಿಯುತ್ತವೆಂದು ಗೊತ್ತಾಯಿತು. ಗಟ್ಟಿಮುಟ್ಟಾದವರಿಗೆ ಒಂದಷ್ಟು ದಿನ ಕೆಮ್ಮು, ಎದೆ ಸೋತವರಿಗೆ ಸಾವು. ಒಂದು ತರಕಾರಿ ಮಂಡಿಯಲ್ಲಿ ಹಮಾಲರು ಸಾಲಾಗಿ ಸತ್ತ ಮೇಲೆ ಸರ್ಕಾರ ಎಚ್ಚೆತ್ತಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ಆ ದಿಡ್ಡಿ ಬಾಗಿಲೇ ನಮ್ಮ ಕೇಂದ್ರ.

ಬೂಷ್ಟು ಸಾಕಿದ್ದ ಗಾಜಿನ ಮನೆಯಲ್ಲಿ ಏನಾದರೂ ಒಡೆದರೆ ಬಾಗಿಲು ತಾನಾಗಿ ಬಿಗಿದುಕೊಳ್ಳುತ್ತದೆ. ಶೋಧಕಗಳು ಗಾಳಿಯನ್ನು ತೊಳೆಯುತ್ತವೆ. ಆದರೆ ತೊಳೆದದ್ದು ಪೂರ್ತಿ ಆಯಿತೇ ಎಂದು ಹೇಳುವ ಯಂತ್ರ ಇಲ್ಲ. ಕೊನೆಯ ನಾಲ್ಕು ಕಣ ಯಾವ ಯಂತ್ರದ ಕಣ್ಣಿಗೂ ಬೀಳುವುದಿಲ್ಲ. ಹಾಗಲಕ್ಕೆ ಅವು ತಿಳಿಯುತ್ತವೆ ಎಂದು ಕಂಡುಹಿಡಿದವರು ಮಾವ. ಬಲಿತ ಕಾಯಿ ಎಥಿಲೀನ್ ಎಂಬ ಅನಿಲವನ್ನು ಬಿಡುತ್ತದೆ, ಅದು ಹಣ್ಣಾಗಲು ಸಿಗುವ ಅಪ್ಪಣೆ. ಅಪ್ಪಣೆ ಸಿಕ್ಕೊಡನೆ ಸಿಪ್ಪೆಯ ಹಸಿರು, ಅಂದರೆ ಹರಿತ್ತು, ಒಡೆದುಹೋಗುತ್ತದೆ. ಗಜ್ಜರಿಯಲ್ಲಿರುವಂಥ ಹಳದಿ, ಕಿತ್ತಳೆ ಬಣ್ಣಗಳು ತುಂಬಿಕೊಳ್ಳುತ್ತವೆ. ಒಳಗೆ ಬೀಜದ ಸುತ್ತಲ ತಿರುಳಿಗೆ ಟೊಮೆಟೊದಲ್ಲಿರುವ ಲೈಕೋಪೀನ್ ಸೇರಿ ಅದು ಕೆಂಪಾಗುತ್ತದೆ. ಕೊನೆಗೆ ಕಾಯಿ ತುದಿಯಿಂದ ಬಿರಿಯುತ್ತದೆ. ಎಳೆಗಾಯಿಯಲ್ಲಿ ಕಹಿಯ ಜೊತೆಗಿದ್ದು ಜೀವಕೋಶಗಳನ್ನು ಕಾಯುವ ಉತ್ಕರ್ಷಣ ನಿರೋಧಕಗಳು ಇಳಿದು, ಕೆಂಪು ತಿರುಳಿನಲ್ಲಿ ಬೇರೆ ಬಗೆಯವು ಏರುತ್ತವೆ. “ಕಾವಲು ಬದಲಾಗುತ್ತೆ ಅಷ್ಟೇ” ಎನ್ನುತ್ತಿದ್ದರು ಮಾವ. ಬೂಷ್ಟಿನ ಅನಿಲ ಎಳ್ಳಷ್ಟಿದ್ದರೂ ಆ ಅಪ್ಪಣೆ ಕಾಯಿಗೆ ಕೇಳಿಸುವುದಿಲ್ಲ, ಅದು ಹಸಿರಾಗಿಯೇ ನಿಲ್ಲುತ್ತದೆ.

ಹಾಗಾಗಿ ಗಾಜಿನ ಗೋಡೆಯ ಉದ್ದಕ್ಕೂ ಸದಾ ಹಾಗಲಬಳ್ಳಿ ಹಬ್ಬಿಸಿರುತ್ತಿದ್ದರು. ಬಣ್ಣವನ್ನು ಮಾತ್ರ ಅಳೆಯುವ ಒಂದು ಕಣ್ಣು ಆ ಬಳ್ಳಿಗಳನ್ನು ನೋಡುತ್ತಿರುತ್ತದೆ. ಆಕಾರ ಅದಕ್ಕೆ ತಿಳಿಯದು, ಹಸಿರೆಷ್ಟು, ಹಳದಿಯೆಷ್ಟು, ಕೆಂಪೆಷ್ಟು ಎಂಬುದಷ್ಟೇ. ಅದರ ಅಳತೆ ತೋರಿಸುವ ಮುಳ್ಳು ನನ್ನ ಮೇಜಿನ ಮೇಲೆ.

ಅವತ್ತು ಮಾವ ಇನ್ಸುಲಿನ್ ಮನೆಯಲ್ಲಿ ಮರೆತು ಹೋಗಿದ್ದರು. ಅತ್ತೆ ಮೆಡಿಕಲ್ ಶಾಪಿನಿಂದ ಆಗಷ್ಟೇ ತಂದಿದ್ದ ಪೆಟ್ಟಿಗೆಯನ್ನೂ ಊಟದ ಡಬ್ಬಿಯನ್ನೂ ಹಿಡಿದು ಒಳಗೆ ಹೋದರು. ಡಬ್ಬಿ ಬಿಚ್ಚುವಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಬೂಷ್ಟು ಬೆಳೆಸಿದ್ದ ಒಂದು ಗಾಜಿನ ತಟ್ಟೆ ಒಡೆಯಿತು. ಬಾಗಿಲು ಬಿಗಿಯಿತು.

ಒಳಗೆ ಅಕ್ಕಿ, ಬೇಳೆ, ಎಣ್ಣೆ ಮೂರು ತಿಂಗಳಿಗಾಗುವಷ್ಟಿತ್ತು. ಚಿಕ್ಕ ಅಡುಗೆ ಮೂಲೆ, ಎರಡು ಮಂಚ, ಒಂದು ಬಚ್ಚಲು. ಹೊರಗಿನಿಂದ ಒಂದು ಸೂಜಿಯೂ ಒಳಗೆ ಹೋಗುವಂತಿಲ್ಲ. ಜನರನ್ನು ತೋರಿಸುವ ಕ್ಯಾಮೆರಾ ಒಂದಿತ್ತು. ಮೊದಲ ದಿನವೇ ಅತ್ತೆ ಅದರ ಮೇಲೆ ಟವೆಲ್ ಹಾಕಿದರು.

“ಅತ್ತೆ, ಅದನ್ನ ಮುಚ್ಚಬಾರದು.”

“ಸೊಸೆ ನೋಡ್ತಾ ಕೂತಿರುವಾಗ ನಾನು ಸೀರೆ ಉಡೋದು ಹೆಂಗೆ? ನಿಂಗೆ ಬೇಕಾದ್ರೆ ಕೂಗು, ಓ ಅಂತೀನಿ.”

ಗೋಡೆಯದು ಬೆಳಕನ್ನು ಮಾತ್ರ ಬಿಡುವ ಮಸುಕು ಗಾಜು, ಹೊರಗಿನಿಂದ ಒಳಗಿನದೇನೂ ಕಾಣದು. ಹಾಗೆ ನನಗೆ ಉಳಿದದ್ದು ಅವರ ದನಿ ಮತ್ತು ಬಣ್ಣದ ಮುಳ್ಳು. ಮಾವ ಮೈಕಿನಲ್ಲಿ ಧೈರ್ಯ ಹೇಳಿದರು. ಬಳ್ಳಿಯಲ್ಲಿ ಬಲಿತ ಕಾಯಿ ಇವೆ, ಶೋಧಕ ಓಡುತ್ತಿದೆ, ಎರಡು ಮೂರು ವಾರ ಅಷ್ಟೇ ಎಂದರು. ಮೊದಲ ವಾರ ಇಬ್ಬರೂ ಕೆಮ್ಮಿದರು, ಆಮೇಲೆ ಕೆಮ್ಮು ನಿಂತಿತು. ಮುಳ್ಳು ಮಾತ್ರ ಹಸಿರಿಗೆ ಅಂಟಿಕೊಂಡು ಕೂತಿತು.

ಮೂರು ವಾರ ಕಳೆಯಿತು, ತಿಂಗಳು ದಾಟಿತು. ಆ ಮುಳ್ಳನ್ನು ನೋಡಿ ನೋಡಿ ನಾನು ಹಸಿರು ಸೀರೆ ಉಡುವುದನ್ನೇ ಬಿಟ್ಟೆ. ಮನೆಗೆ ಹೋದರೆ ಗಂಡ ಮಾದೇಶ ಬಾಗಿಲಲ್ಲೇ ನಿಂತು, “ಏನಾದ್ರೂ ಹಳದಿ?” ಎಂದು ಕೇಳುತ್ತಿದ್ದ. ನಾನು ತಲೆಯಾಡಿಸುತ್ತಿದ್ದೆ. ಅವನು ಅಡುಗೆಮನೆಗೆ ಹೋಗಿ ಪಾತ್ರೆ ಸದ್ದು ಮಾಡುತ್ತಿದ್ದ. ಅಮ್ಮನ ಅಡುಗೆಮನೆಯಲ್ಲಿ ಅವನಿಗೆ ಉಪ್ಪಿನ ಡಬ್ಬಿಯೂ ಸಿಗುತ್ತಿರಲಿಲ್ಲ, ಅಳು ಮಾತ್ರ ಸಿಗುತ್ತಿತ್ತು.

ಇನ್ಸುಲಿನ್ ಕರಗುತ್ತಿತ್ತು. ಮಾವ ಅರ್ಧರ್ಧ ಚುಚ್ಚಿಕೊಳ್ಳಲು ಶುರುಮಾಡಿದ್ದರು. ಕಣ್ಣು ಮಂಜಾಗಿದೆ, ಕಾಲು ಭಾರ ಎನ್ನುತ್ತಿದ್ದರು. ಹೆಚ್ಚು ಹೊತ್ತು ಮಲಗಿಯೇ ಇರುತ್ತಿದ್ದರು. ನಿರ್ದೇಶಕ ಪ್ರಣೀತ್ ರಾವ್ ದಿನಕ್ಕೆರಡು ಸಲ ನನ್ನ ಬೆನ್ನ ಹಿಂದೆ ಬಂದು ನಿಂತು ಮುಳ್ಳು ನೋಡಿ ಹೋಗುತ್ತಿದ್ದರು. ಕೈಯಿಂದ ಬಾಗಿಲು ತೆರೆಯಲು ಎರಡು ಕೀಲಿ ಬೇಕು. ಒಂದು ನನ್ನ ಕೊರಳಲ್ಲಿ, ಇನ್ನೊಂದು ಅವರ ಕೊರಳಲ್ಲಿ.

ಒಂದು ಮಧ್ಯಾಹ್ನ ಮೇಜಿನ ಮುಂದೆಯೇ ಡಬ್ಬಿ ಬಿಚ್ಚಿದೆ. ಮೈಕಿನಲ್ಲಿ ಅತ್ತೆಗೆ ಮುಚ್ಚಳದ ಸದ್ದು ಕೇಳಿಸಿತು.

“ಏನು ತಂದಿದ್ದೀಯ?”

“ಚಿತ್ರಾನ್ನ ಅತ್ತೆ. ನಿಮ್ಮ ಮಗ ಮಾಡಿದ್ದು.”

“ಅವನ ಕೈಯಡುಗೆ ತಿಂದೂ ಬದುಕಿದ್ದೀಯಲ್ಲ, ಗಟ್ಟಿ ಜೀವ ನಿಂದು. ನಾನಿವತ್ತು ಹಾಗಲಕಾಯಿ ಗೊಜ್ಜು ಮಾಡ್ದೆ. ಬೆಲ್ಲ ಹಾಕ್ಲಿಲ್ಲ ಅಂತ ನಿಮ್ಮಾವ ಮುಖ ಗಂಟು ಹಾಕ್ಕೊಂಡು ಮಲಗವ್ರೆ.”

ನಗುತ್ತಾ ತುತ್ತು ಎತ್ತಿದವಳು ಅಲ್ಲಿಗೇ ನಿಲ್ಲಿಸಿದೆ. “ಯಾವ ಹಾಗಲಕಾಯಿ ಅತ್ತೆ?”

“ಇನ್ಯಾವುದು? ಇಲ್ಲಿರೋದೇ. ಬೆಳಗ್ಗೆ ಅವರಿಗೆ ಒಂದು ಲೋಟ ರಸ, ಮಧ್ಯಾಹ್ನಕ್ಕೆ ಪಲ್ಯವೋ ಗೊಜ್ಜೋ. ಸೂಜಿಮದ್ದು ಮುಗೀತಾ ಬಂತಲ್ಲ, ಸಕ್ಕರೆಗೆ ಹಾಗಲ ಬಿಟ್ರೆ ಇನ್ನೇನೈತೆ ಇಲ್ಲಿ? ಮಿಕ್ಕಿದ್ದಕ್ಕೆ ಉಪ್ಪು ಹಚ್ಚಿ ಬಾಳಕ ಮಾಡಿಟ್ಟಿದ್ದೀನಿ. ದೀಪದ ಶಾಖಕ್ಕೇ ಗರಿಗರಿ ಒಣಗ್ತವೆ.”

“ಗಾಜಿನ ಪಕ್ಕದ ಬಳ್ಳೀದಾ?”

“ಅಲ್ಲೇ ಕಣೆ ಚೆನ್ನಾಗಿ ಬಿಡೋದು, ಬೆಳಕು ಬೀಳ್ತದಲ್ಲ. ನಿಮ್ಮಾವ ಹೇಳವ್ರೆ, ಹಣ್ಣಾದದ್ದನ್ನ ಕೀಳಬೇಡ, ಬಣ್ಣ ನೋಡೋ ಕ್ಯಾಮೆರಾಕ್ಕೆ ಬೇಕು ಅಂತ. ನಾನು ಒಂದು ಹಣ್ಣೂ ಮುಟ್ಟಿಲ್ಲಪ್ಪ. ತುಂಬಿಕೊಂಡ ಕಾಯಿ ಮಾತ್ರ. ಬಲಿಯಾಕೆ ಬಿಟ್ರೆ ಬಳ್ಳಿ ಸುಸ್ತಾಗಿ ಹೊಸ ಕಾಯೇ ಬಿಡಲ್ಲ. ದಿನಾ ಕೀಳ್ತೀನಿ ಅಂತಲೇ ಇಷ್ಟು ಬಿಡ್ತಾ ಐತೆ. ಈಗ ಬಳ್ಳೀಲಿ ಉಳಿದಿರೋದೆಲ್ಲ ಹೆಬ್ಬೆರಳುದ್ದದ ಹೀಚೇ.”

ಅವರ ಮಾತಿನಲ್ಲಿ ಒಂದು ಸುಳ್ಳೂ ಇರಲಿಲ್ಲ. ಹಾಗಲ ಬೆಳೆಯುವ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ನಮ್ಮಲ್ಲಿ ಹಣ್ಣಾದ ಹಾಗಲವೆಂದರೆ ಹಾಳಾದ ಹಾಗಲ. ಮೂವತ್ತು ವರ್ಷ ಹಾಗಲದ ಹಣ್ಣಿನ ಬಣ್ಣ ಅಳೆದ ಮಾವನಿಗೆ ಹಣ್ಣನ್ನು ಕಾಪಾಡಬೇಕೆಂದು ಹೊಳೆದಿತ್ತು. ಕಾಯಿಯನ್ನು ಕಾಪಾಡಬೇಕೆಂದು ಹೊಳೆದಿರಲಿಲ್ಲ. ನಮಗೂ ಹೊಳೆದಿರಲಿಲ್ಲ. ಆ ಬಣ್ಣದ ಕಣ್ಣಿಗೆ ನಿನ್ನೆಯ ಹಸಿರು ಇವತ್ತಿನ ಹಸಿರು ಎಲ್ಲ ಒಂದೇ.

“ಅತ್ತೆ,” ನನ್ನ ದನಿ ನನಗೇ ಬೇರೆಯವರದ್ದೆನಿಸಿತು. “ಕಿತ್ತಿಟ್ಟ ಕಾಯಿ ಬುಟ್ಟೀಲಿ ಹಸಿರಾಗೇ ಇರ್ತಾವಾ?”

“ಎಲ್ಲಿ ಇರ್ತಾವೆ? ಎರಡು ದಿನ ಮರೆತ್ರೆ ಹಳದಿ ತಿರುಗಿ ಬಾಯಿ ಬಿಟ್ಕೊಂಡು ಕೂತಿರ್ತವೆ. ಅದಕ್ಕೇ ಬಾಳಕ ಮಾಡಿದ್ದು. ಯಾಕೆ?”

“ಸುಮ್ನೆ ಕೇಳ್ದೆ ಅತ್ತೆ,” ಎಂದು ಮೈಕು ಆರಿಸಿದೆ.

ಅಂದರೆ ಒಳಗಿನ ಗಾಳಿ ಶುದ್ಧವಾಗಿ ಎಷ್ಟೋ ದಿನವಾಗಿತ್ತು. ಬಾಗಿಲು ಯಾವತ್ತೋ ತೆರೆಯಬೇಕಿತ್ತು. ಗಂಡನ ಜೀವ ಉಳಿಸಲೆಂದು ಅತ್ತೆ ದಿನ ಬೆಳಗಾದರೆ ಅವರ ಬಿಡುಗಡೆಯನ್ನೇ ಹೆಚ್ಚಿ ಹಿಂಡಿ ಲೋಟಕ್ಕೆ ಹಾಕಿ ಕೊಡುತ್ತಿದ್ದರು. ನನಗೆ ಅಳು ಬಂತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯದ ಸಿಟ್ಟು.

ಪ್ರಣೀತ್ ರಾವ್ ಎಲ್ಲ ಕೇಳಿದರು. ಕೇಳಿ ಕೊರಳ ಕೀಲಿಯನ್ನು ಬಿಗಿಯಾಗಿ ಹಿಡಿದುಕೊಂಡರು.

“ಅಡುಗೆ ಮೂಲೆಗೆ ಬೇರೆ ಶೋಧಕ ಇದೆ ಹೊನ್ನಮ್ಮ. ಅಲ್ಲಿನ ಗಾಳಿ ಶುದ್ಧ ಅಂತ ಬಳ್ಳಿ ಬುಡದ ಮಣ್ಣೂ ಶುದ್ಧ ಅಂತಲ್ಲ. ಮಂಡಿಯಲ್ಲಿ ಸತ್ತವರ ಮನೆಗಳಿಗೆ ಹೋಗಿ ಬಂದವನು ನಾನು. ಬುಟ್ಟಿ ಸಾಕ್ಷಿ ಇಟ್ಟುಕೊಂಡು ತೆಗೀಲಾರೆ.”

“ಸರ್, ಬಳ್ಳೀಲಿ ಈಗಿರೋದೆಲ್ಲ ಹೆಬ್ಬೆರಳುದ್ದದ ಹೀಚು. ಬಲಿತು ಹಣ್ಣಾಗೋಕೆ ಎರಡು ವಾರದ ಮೇಲೆ ಬೇಕು. ಇನ್ಸುಲಿನ್ ಒಂದು ವಾರಕ್ಕೂ ಸಾಲಲ್ಲ.”

“ನಿಮ್ಮ ಮಾವನ್ನೇ ಕೇಳಿ,” ಎಂದರು ಅವರು. “ಅವರು ಹೂಂ ಅಂದ್ರೆ ನನ್ನ ಕೀಲೀನೂ ತಿರುಗಿಸ್ತೀನಿ.”

ಊಟವಾದ ಮೇಲೆ ಅತ್ತೆ ಒಂದು ಕೋಳಿನಿದ್ದೆ ತೆಗೆಯುತ್ತಾರೆ. ಆ ಹೊತ್ತು ನೋಡಿ ಮಾವನನ್ನು ಮೈಕಿಗೆ ಕರೆದೆ. ಗೋಡೆ ಹಿಡಿದು ನಡೆದು ಬರುವ ಸದ್ದು ಕೇಳಿಸಿತು. ಎಲ್ಲವನ್ನೂ ಹೇಳಿದೆ.

“ಬಳ್ಳೀಲಿ ಬೇಕಾದಷ್ಟು ಕಾಯಿ ಅವೆ, ನಾಲ್ಕು ಕಿತ್ರೆ ಏನು ಅಂದ್ಕೊಂಡಿದ್ದೆ,” ಎಂದರು ಮಾವ. “ಇಷ್ಟು ಚೊಕ್ಕವಾಗಿ ಕೀಳ್ತಾಳೆ ಅಂತ ಗೊತ್ತಿರ್ಲಿಲ್ಲ.” ಆಮೇಲೆ ಅವರು ನಕ್ಕರು. ಆ ನಗುವನ್ನು ಕೇಳಲಾಗಲಿಲ್ಲ.

“ಮಾವ, ನೀವು ಹೂಂ ಅನ್ನಿ. ಸರ್ ಬಾಗಿಲು ತೆಗೀತಾರಂತೆ.”

“ಪ್ರಣೀತ್ ಹೇಳಿದ್ದು ಸರಿ ಕಣಮ್ಮ. ಬುಟ್ಟಿ ಸಾಕ್ಷಿ ಅಲ್ಲ. ಬಳ್ಳಿ ಮೇಲೇ ಆಗ್ಬೇಕು. ನನ್ನ ಹೆಂಡ್ತಿ, ನನ್ನ ಪ್ರಾಣ ಅಂತ ನಿಯಮ ಸಡಿಲ ಮಾಡೋದಾದ್ರೆ ಅದನ್ನ ಬರೀಲೇಬಾರದಿತ್ತು.”

“ಹಾಗಾದ್ರೆ ಅತ್ತೆಗೆ ಹೇಳ್ತೀನಿ, ಇನ್ನು ಕೀಳಬೇಡಿ ಅಂತ.”

“ಬೇಡ!” ಮೊದಲ ಸಲ ಅವರ ದನಿ ಏರಿತು. ಅತ್ತೆಗೆ ಎಚ್ಚರವಾದೀತೆಂದು ತಕ್ಷಣ ತಗ್ಗಿಸಿದರು. “ಹೊನ್ನಮ್ಮ, ನಾನು ಉಳಿದ್ರೆ ನಾನೇ ಹೇಳಿ ನಗ್ತೀನಿ. ಉಳೀಲಿಲ್ಲ ಅಂದ್ರೆ ಅವಳು ಜೀವನಪೂರ್ತಿ ಏನು ಅಂದ್ಕೊಂಡು ಬದುಕ್ಬೇಕು? ನಲವತ್ತು ವರ್ಷ ನನ್ನ ಬಾಯಿಗೆ ಬೀಳೋ ಒಂದೊಂದು ಅಗುಳೂ ನೋಡ್ಕೊಂಡವಳು. ಅವಳಿಗೆ ಇದು ಗೊತ್ತಾಗಬಾರದು. ಮಾದೇಶನಿಗೂ ಬೇಡ, ಅವನ ಹೊಟ್ಟೇಲಿ ಮಾತು ನಿಲ್ಲಲ್ಲ. ಮಾತು ಕೊಡು.”

ಕೊಟ್ಟೆ. ಬಾಗಿಲಾಚೆ ಇಬ್ಬರು, ಈಚೆ ನಾನೊಬ್ಬಳು. ಆ ಹೊತ್ತಿನಿಂದ ಮೂವರೂ ಒಳಗೇ ಎಂದು ನನಗನಿಸಿತು.

ಮಾವ ಅವತ್ತೇ ಆಟ ಹೂಡಿದರು. ಗಾಜಿನ ಪಕ್ಕದ ಬಳ್ಳಿ ಒಳ್ಳೆಯ ತಳಿ, ಮನೆಗೆ ಬೀಜ ಬೇಕು, ಇನ್ನು ಒಂದೂ ಕೀಳದೆ ಬೀಜಕ್ಕೆ ಬಿಡು ಎಂದರು. ಬೀಜಕ್ಕೆ ಬಿಡುವುದೆಂದರೆ ಅತ್ತೆಗೆ ಗೊತ್ತು, ಒಪ್ಪಿದರು. ಆದರೆ ರಸಕ್ಕೆ ಎಂದು ಒಂದೇ ಒಂದು ಕೀಳುತ್ತೇನೆ ಎಂದರು. ಆ ಒಂದು, ಹತ್ತಾಗುತ್ತದೆಂದು ಮಾವನಿಗೆ ಈಗ ಗೊತ್ತಿತ್ತು.

“ನಂಗೆ ಇನ್ನು ಆ ಕಹಿ ಕುಡಿಯಾಕಾಗಲ್ಲ ಕಣೆ. ಸಾಕು.”

“ಚಿಕ್ಕ ಮಕ್ಕಳ ಥರ ಆಡಬೇಡಿ. ಸೂಜಿಮದ್ದು ಇನ್ನು ಎರಡು ಸಲಕ್ಕೆ ಐತೆ. ಇದನ್ನೂ ಬಿಟ್ರೆ?”

“ಬಿಟ್ರೆ ಬಿಟ್ಟೆ. ಬಾಯಿ ನಂದು.”

“ಬಾಯಿ ನಿಮ್ದು, ಕರ್ಮ ನಂದು!” ಲೋಟ ಉರುಳಿದ ಸದ್ದು ಬಂತು. ಅತ್ತೆ ಅಳುತ್ತಿದ್ದರು. ಮಾವ ಸಮಾಧಾನ ಮಾಡಲಿಲ್ಲ. ಮಾಡಿದರೆ ಅತ್ತೆ ಮತ್ತೆ ಬಳ್ಳಿಗೆ ಕೈ ಹಾಕುತ್ತಿದ್ದರು. ಹೆಂಡತಿಯ ಕಣ್ಣೀರು ಕೇಳುತ್ತಾ ಗೋಡೆಗೆ ಮುಖ ಮಾಡಿ ಮಲಗುವುದು ಆ ಮನುಷ್ಯನಿಗೆ ಎಷ್ಟು ಕಷ್ಟವಾಗಿರಬೇಕೋ. ನಾನು ಮೈಕು ಆರಿಸಬಹುದಿತ್ತು. ಆರಿಸಲಿಲ್ಲ.

ಎರಡು ದಿನ ಅವರು ಮಾತಾಡಲಿಲ್ಲ. ಆಮೇಲೆ ಮಾವನಿಗೆ ಏಳಲಾಗದಂತಾಯಿತು. ಅತ್ತೆಯ ಸಿಟ್ಟು ಅಲ್ಲಿಗೆ ಮುಗಿಯಿತು.

ಇನ್ಸುಲಿನ್ ಖಾಲಿಯಾದ ಮೇಲೆ ಮಾವ ದಿನವೂ ಒಂದೇ ಕೇಳುತ್ತಿದ್ದರು: “ಕಾಯಿ ಯಾವ ಬಣ್ಣ ಐತೆ ಹೇಳು.” ಕಣ್ಣು ಅಷ್ಟು ಮಂಜಾಗಿತ್ತು. ಅತ್ತೆ ಬಳ್ಳಿಯ ಬಳಿ ಹೋಗಿ ಬಂದು ಹೇಳುತ್ತಿದ್ದರು. ಮುಳ್ಳನ್ನು ನೋಡುತ್ತಾ ನಾನೂ ಕೇಳಿಸಿಕೊಳ್ಳುತ್ತಿದ್ದೆ. ಮೊದಲು ಕಡುಹಸಿರು. ಆಮೇಲೆ ಹಸಿರು ಕೊಂಚ ಬೆಳ್ಳಗಾಗಿ, ಗಂಟುಗಳ ನಡುವೆ ಮಾಸಲು. ಆಮೇಲೆ ಒಂದು ಬೆಳಗ್ಗೆ ಅತ್ತೆ, “ಒಂದರ ತುದಿ ನಿಂಬೆಹಣ್ಣಿನ ಥರ ಆಗೈತೆ ಕಣ್ರೀ,” ಎಂದರು. ನನ್ನ ಮೇಜಿನ ಮುಳ್ಳು ನಡುಗಿ ಒಂದು ಕೂದಲೆಳೆ ಸರಿಯಿತು. ಅಷ್ಟು ದಿನದಲ್ಲಿ ಮೊದಲ ಸಲ.

ಮೊದಲ ಹಣ್ಣು ಬಿರಿದಾಗ ಅತ್ತೆ ಕೂಗಿದ್ದು ಮೈಕಿಲ್ಲದೆಯೂ ಕೇಳುವಂತಿತ್ತು. “ಕಿತ್ತಳೆ ಕಣ್ರೀ! ಒಳಗೆಲ್ಲ ಕೆಂಪು! ಬೀಜದ ಮೇಲಿನ ತಿರುಳು ಹಂಗೇ ಜೋತಾಡ್ತಾ ಐತೆ. ಒಂಚೂರು ನೆಕ್ಕಿದೆ, ಸಿಹಿ ರೀ!”

“ಬರೀ ಸಿಹಿ ಅಂತ ಹೇಳಿ ಆಸೆ ಹುಟ್ಟಿಸ್ತೀಯಲ್ಲೇ,” ಎಂದರು ಮಾವ. ದನಿ ತೊದಲುತ್ತಿತ್ತು. “ನಂಗೂ ಒಂದು ಕೊಡು.”

“ಸಕ್ಕರೆ ಇಷ್ಟಿಟ್ಕೊಂಡು ಸಿಹಿ ಬೇರೆ ಕೇಡು.”

ಕೊಟ್ಟರೋ ಇಲ್ಲವೋ ನನಗೆ ಗೊತ್ತಿಲ್ಲ.

ಎರಡನೆಯದೂ ಬಿರಿಯಿತು. ನಾನು ಪ್ರಣೀತ್ ರಾವ್ ಕೋಣೆಗೆ ಓಡಿ, “ಎರಡಾಯ್ತು ಸರ್, ಮಾವ ಬೆಳಗ್ಗಿಂದ ಮಾತಾಡ್ತಿಲ್ಲ, ಸಾಕಲ್ವಾ ಸರ್?” ಎಂದು ಕೈ ಹಿಡಿದೆ. ಅವರ ಕಣ್ಣಲ್ಲೂ ನೀರಿತ್ತು. “ಮೂರು ಅಂತ ಬರೆದವರು ಅವರೇ,” ಎಂದರು. “ಒಂದೆರಡು ಸುಳ್ಳಾಗಬಹುದು, ಮೂರು ಸುಳ್ಳಾಗಲ್ಲ ಅಂತ ನನಗೆ ಪಾಠ ಹೇಳಿಕೊಟ್ಟವರೂ ಅವರೇ.” ಅವರನ್ನು ಶಪಿಸಿದೆ. ಈಗಲೂ ಅವರು ತಪ್ಪು ಮಾಡಿದರೆಂದು ಹೇಳಲಾರೆ.

ಮೂರನೆಯದು ಮಾರನೆಯ ದಿನ ಹೊತ್ತೇರಿದ ಮೇಲೆ ಬಿರಿಯಿತು. ಮುಳ್ಳು ಗಡಿ ದಾಟಿತು. ಬಾಗಿಲು ನಿಟ್ಟುಸಿರಿನಂಥ ಸದ್ದು ಮಾಡಿ ತಾನಾಗಿ ಸರಿಯಿತು. ಆಂಬ್ಯುಲೆನ್ಸಿನವರು ಮಾವನನ್ನು ಎತ್ತಿಕೊಂಡು ಹೊರಬಂದರು. ಅವರ ಉಸಿರಿನಿಂದ ಕೊಳೆತ ಹಣ್ಣಿನ ವಾಸನೆ ಬರುತ್ತಿತ್ತು. ಸಕ್ಕರೆ ಕಾಯಿಲೆ ಮಿತಿಮೀರಿದವರ ಉಸಿರು ಹಾಗಿರುತ್ತದೆಂದು ಡಾಕ್ಟರು ಆಮೇಲೆ ಹೇಳಿದರು.

ಆಸ್ಪತ್ರೆಯಲ್ಲಿ ಅವರಿಗೆ ಎಚ್ಚರವಾಗಲಿಲ್ಲ. ಮರುದಿನ ಮಧ್ಯಾಹ್ನ ಹೋದರು.

ಮಾದೇಶ ಸಹಿ ಹಾಕಲು ಕೆಳಗೆ ಹೋಗಿದ್ದ. ಅತ್ತೆ ಮತ್ತು ನಾನು ಮೊಗಸಾಲೆಯ ಬೆಂಚಿನ ಮೇಲೆ ಕೂತಿದ್ದೆವು. ಅವರು ನನ್ನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡಿದ್ದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಹಾಗೆ ಹಿಡಿದಿದ್ದು ಅದೇ ಮೊದಲು.

“ಹಟ ಮಾಡಿ ರಸ ಬಿಟ್ರು,” ಎಂದರು. “ಅದನ್ನ ಬಿಟ್ಟ ಮೇಲೇ ಇಳಿದುಹೋದ್ರು.”

“ಹೂಂ ಅತ್ತೆ.”

ಆಮೇಲೆ ನಿಧಾನವಾಗಿ, ಯಾವುದೋ ನೂಲಿನ ತುದಿ ಹಿಡಿದು ಎಳೆಯುವವರ ಹಾಗೆ ಕೇಳಿದರು: “ಅಲ್ವೇ ಹೊನ್ನಮ್ಮ, ಬುಟ್ಟೀಲಿ ಅಷ್ಟು ಬೇಗ ಹಣ್ಣಾಗ್ತಿದ್ವಲ್ಲ ಕಾಯಿ. ನೀನೂ ಒಂದಿನ ಅದನ್ನೇ ಕೇಳ್ದೆ. ಅಂದ್ರೆ ಗಾಳಿ ಆಗಲೇ ಸರಿ ಇತ್ತಾ? ಮತ್ತೆ ನಿನ್ನ ಬಾಗಿಲು ಯಾಕೆ ತೆಗೀಲಿಲ್ಲ?”

ಇನ್ನೊಂದೇ ಹೆಜ್ಜೆ. ಇನ್ನೊಂದು ಗಳಿಗೆ ಬಿಟ್ಟರೆ ಅವರೇ ಅಲ್ಲಿಗೆ ತಲುಪುತ್ತಿದ್ದರು. ಯಾಕೆ ತೆಗೆಯಲಿಲ್ಲ ಎಂಬುದಕ್ಕೆ ಬೇರೊಂದು ಕಾರಣ ಆ ಕ್ಷಣದಲ್ಲೇ ಕೊಡಬೇಕಿತ್ತು.

“ಬಣ್ಣ ನೋಡೋ ಕ್ಯಾಮೆರಾ ಕೆಟ್ಟಿತ್ತು ಅತ್ತೆ. ಗಾಳಿ ಸರಿಹೋದ್ರೂ ಇಲ್ಲ ಅಂತಲೇ ತೋರಿಸ್ತಿತ್ತು, ಕೊನೇಲಿ ಸರಿ ಮಾಡಿದ್ವಿ. ಅದನ್ನ ದಿನಾ ಪರೀಕ್ಷೆ ಮಾಡೋದು ನನ್ನ ಕೆಲಸ. ನಾನು ಮಾಡ್ಲಿಲ್ಲ.”

ಅತ್ತೆ ನನ್ನ ಮುಖವನ್ನೇ ನೋಡಿದರು. ಅವರ ಕೈಗಳು ಒಂದೊಂದಾಗಿ ನನ್ನ ಕೈಯನ್ನು ಬಿಟ್ಟವು. ಬೈಯುತ್ತಾರೆಂದು ಕಾದೆ, ಬೈಯಲಿ ಎಂದು ಬೇಡಿಕೊಂಡೆ.

“ಎದ್ದು ಹೋಗು ಇಲ್ಲಿಂದ,” ಎಂದರು.

ಎದ್ದೆ. ಮೆಟ್ಟಿಲಲ್ಲಿ ಮಾದೇಶ ಎದುರು ಬಂದ. ನನ್ನ ಮುಖ ನೋಡಿ ಗಾಬರಿಯಾಗಿ, “ಅಮ್ಮ ಏನಂದ್ರು? ಏನಾಯ್ತು?” ಎಂದು ಕೇಳಿದ.

ಕ್ಯಾಮೆರಾ ಕೆಟ್ಟಿತ್ತೆಂದು ಅವನಿಗೂ ಅದನ್ನೇ ಹೇಳಿದೆ.